ಹದಿನೈದನೆಯ ವಿಷಯ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳನ್ನು ಸೂಜಿಗಣ್ಣಿ ಎಂದು ಮೊದಲು ಕರೆದವರು ಯಾರೋ, ಹೆಸರಂತೂ ಬಿಡಿಸಿದರೂ ಬಿಡದಂತೆ ಅಂಟಿಕೊಂಡಿತು. ಹೊಲಿದು ಮುಗಿದ ಅಂಗಿಗಳು ಅವಳ ಮೇಜಿಗೆ ಬರುತ್ತಿದ್ದವು. ಅವಳು ಒಂದೊಂದನ್ನೂ ತಿರುಗಿಸಿ, ಒಳಮೈ ಹೊರಗೆ ಮಾಡಿ, ಕಂಕುಳ ಹೊಲಿಗೆಯಿಂದ ಕಾಲರಿನ ಮಡಿಕೆಯವರೆಗೆ ಬೆರಳಾಡಿಸಿ ನೋಡುತ್ತಿದ್ದಳು. ದಿನಕ್ಕೆ ಮುನ್ನೂರು ಅಂಗಿ, ಹದಿನೇಳು ವರ್ಷ. ಒಂದು ಹೊಲಿಗೆ ತಪ್ಪಿದ್ದರೂ ಅಂಗಿ ವಾಪಸ್. ಹೊಲಿಯುವ ಹುಡುಗಿಯರು ಎದುರಿಗೆ ಮೂಗು ಮುರಿದು, ಹಿಂದಿನಿಂದ ಬೈದುಕೊಂಡು, ಕೊನೆಗೆ ತಮ್ಮ ಮದುವೆಯ ಬಟ್ಟೆಯನ್ನು ಮಾತ್ರ ಅವಳಿಗೇ ತೋರಿಸಿಕೊಂಡು ಹೋಗುತ್ತಿದ್ದರು.

ಇಂಥವಳು ನಲವತ್ತೆರಡನೆಯ ವಯಸ್ಸಿನಲ್ಲಿ ಕಾಲೇಜಿಗೆ ಸೇರಿದಳು. ಸೇರಿದಳು ಎನ್ನುವುದಕ್ಕಿಂತ, ಅರ್ಧಕ್ಕೆ ನಿಂತದ್ದನ್ನು ಮುಂದುವರಿಸಿದಳು ಎನ್ನಬೇಕು. ಇಪ್ಪತ್ತರ ವಯಸ್ಸಿನಲ್ಲಿ ವ್ಯವಹಾರ ನಿರ್ವಹಣೆಯ ಪದವಿಗೆಂದು ಒಂದೂವರೆ ವರ್ಷ ಓದಿದ್ದಳು. ಮೂರನೆಯ ಸೆಮಿಸ್ಟರಿನ ಸಂಖ್ಯಾಶಾಸ್ತ್ರದಲ್ಲಿ ಫೇಲಾಗಿ ಓದು ಅಲ್ಲಿಗೇ ನಿಂತಿತ್ತು. ಈಗ ಸಂಜೆ ಕಾಲೇಜೊಂದು ಅವಳ ಬಳಿಯಿದ್ದ ಮೊದಲ ವರ್ಷದ ಅಂಕಪಟ್ಟಿ ನೋಡಿ, ಆ ಹಳೆಯ ಓದನ್ನೂ ಲೆಕ್ಕಕ್ಕೆ ಹಿಡಿದುಕೊಂಡು, ವರ್ಗಾವಣೆ ವಿದ್ಯಾರ್ಥಿನಿ ಎಂದು ಅವಳನ್ನು ಸೇರಿಸಿಕೊಂಡಿತು. ತರಗತಿಯಲ್ಲಿ ಉಳಿದವರೆಲ್ಲ ಅವಳ ಮಕ್ಕಳಾಗಬಹುದಾದ ವಯಸ್ಸಿನವರು. ಮೊದಲ ದಿನ ಅವಳು ಒಳಗೆ ಬಂದಾಗ ಮೇಡಂ ಬಂದರೆಂದು ಎಲ್ಲರೂ ಎದ್ದು ನಿಂತರು. ಅವಳು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಾಗ ಎದ್ದವರಿಗೂ ನಾಚಿಕೆ, ಅವಳಿಗೂ ನಾಚಿಕೆ.

ಯಾಕೆ ಈ ಪಡಿಪಾಟಲು ಎಂದರೆ, ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥರು ಇನ್ನು ಎರಡೂವರೆ ವರ್ಷಕ್ಕೆ, ಡಿಸೆಂಬರ್ ಕೊನೆಗೆ ನಿವೃತ್ತರಾಗಲಿದ್ದರು. ಕೆಲಸವೆಲ್ಲ ಇವಳೇ ಮಾಡುತ್ತಿದ್ದಳು, ಸಹಿ ಮಾತ್ರ ಅವರದು. ಮ್ಯಾನೇಜರ್ ನೇರವಾಗಿಯೇ ಹೇಳಿದ್ದರು: "ನಿಮ್ಮನ್ನ ಬಿಟ್ಟು ಬೇರೆಯವರನ್ನ ಆ ಕುರ್ಚಿಲಿ ಕೂರಿಸೋಕೆ ನನಗೂ ಇಷ್ಟ ಇಲ್ಲ. ಆದರೆ ಡಿಗ್ರಿ ಇಲ್ಲದೆ ಮೇಲಿನವರು ಒಪ್ಪಲ್ಲ. ಅವರು ಹೋಗೋ ಡಿಸೆಂಬರ್ ಒಳಗೆ ಕಾಗದ ತಂದು ಕೊಡಿ, ಉಳಿದದ್ದು ನನಗೆ ಬಿಡಿ." ಸೂಜಿಗಣ್ಣಿ ಎರಡೂವರೆ ವರ್ಷ ಬಸ್ಸಿನಲ್ಲಿ ಓದಿದಳು, ಊಟದ ಬಿಡುವಿನಲ್ಲಿ ಓದಿದಳು, ಬಚ್ಚಲಲ್ಲಿ ಬಟ್ಟೆ ನೆನೆಹಾಕಿ ಓದಿದಳು. ಲಿಫ್ಟ್ ರಿಪೇರಿ ಮಾಡುವ ಗಂಡ ಅಡುಗೆ ಕಲಿತ. ಕಲಿತ ಎನ್ನುವುದು ಉದಾರವಾದ ಮಾತು, ಆದರೂ ಮನೆಯವರೆಲ್ಲ ತುಟಿ ಪಿಟಕ್ಕೆನ್ನದೆ ತಿಂದರು.

ಎಲ್ಲಕ್ಕಿಂತ ಹೆಚ್ಚು ಅವಳನ್ನು ಅಳಿಸಿದ್ದು ಸಂಖ್ಯಾಶಾಸ್ತ್ರ. ಫೇಲಾದ ವಿಷಯ ಎಂದು ಅದನ್ನು ಮತ್ತೆ ತೆಗೆದುಕೊಂಡಿದ್ದಳಲ್ಲ, ಪುಸ್ತಕ ಮುಟ್ಟಿದರೆ ಕೈ ತಣ್ಣಗಾಗುತ್ತಿತ್ತು. ಸರಾಸರಿ, ವಿಚಲನೆ ಎಂದು ಮೇಷ್ಟ್ರು ಹಲಗೆಯ ಮೇಲೆ ಬರೆಯುವ ಮೊದಲೇ ಅವಳಿಗೆ ತಾನು ದಡ್ಡಿ ಎನ್ನುವುದು ನೆನಪಾಗುತ್ತಿತ್ತು. ಅಕ್ಕನೂ ಆಗಾಗ ನೆನಪಿಸುತ್ತಿದ್ದಳು, ಪ್ರೀತಿಯಿಂದಲೇ. "ಲೆಕ್ಕ ನಿನ್ನ ತಲೆಗೆ ಹತ್ತಲ್ಲ ಕಣೇ. ಬಿಡು, ಎಲ್ಲರಿಗೂ ಎಲ್ಲ ಬರುತ್ತಾ?" ಅಕ್ಕ ಎಂದರೆ ಒಂಬತ್ತು ವರ್ಷ ದೊಡ್ಡವಳು. ಅಪ್ಪನಿಲ್ಲದ ಮನೆಯಲ್ಲಿ, ಅಮ್ಮ ಹಾಸಿಗೆ ಹಿಡಿದ ಮೇಲೆ, ಹೊಲಿಗೆ ಅಂಗಡಿ ನಡೆಸಿ ತಂಗಿಯನ್ನು ಸಾಕಿದವಳು. ಈ ಎರಡೂವರೆ ವರ್ಷವೂ ಪ್ರತಿ ಭಾನುವಾರ ಬಂದು ಮನೆ ಒರೆಸಿ, ಬಟ್ಟೆ ಇಸ್ತ್ರಿ ಮಾಡಿ, "ನೀನು ಓದ್ಕೋ" ಎಂದು ಬಾಗಿಲು ಮುಂದೆ ಮಾಡಿ ಹೋಗುತ್ತಿದ್ದಳು. ಅಂತೂ ಸಂಖ್ಯಾಶಾಸ್ತ್ರ ಪಾಸಾಯಿತು. ಅವತ್ತು ಅಕ್ಕ ತಂಗಿಯ ತಲೆ ಸವರಿದ್ದಳು.

ನವೆಂಬರಿನಲ್ಲಿ ಕೊನೆಯ ಪರೀಕ್ಷೆ ಮುಗಿಯಿತು. ಒಂದು ವಾರಕ್ಕೆ ಕಾಲೇಜಿನ ದಾಖಲೆ ವಿಭಾಗದಿಂದ ಬಂದು ಹೋಗಿ ಎಂದು ಫೋನು ಬಂತು, ಹೋದಳು. ಅಲ್ಲಿನ ಅಧಿಕಾರಿಣಿ ಕನ್ನಡಕವನ್ನು ಹಣೆಗೇರಿಸಿಕೊಂಡೇ ಮಾತಾಡುವ, ಗಡಸಾಗಿ ಕಾಣುವ, ಆದರೆ ಕೆಟ್ಟವಳಲ್ಲದ ಹೆಂಗಸು. ಪದವಿ ಕೊಡುವ ಮೊದಲು ತಾಳೆ ನೋಡಲೆಂದು ತರಿಸಿದ ಮೂಲ ಅಂಕಪಟ್ಟಿ ಹಳೆಯ ಕಾಲೇಜಿನಿಂದ ನೇರವಾಗಿ ಆಕೆಯ ಕೈಗೆ ಬಂದಿತ್ತು.

"ಬೇರೆ ಕಡೆಯಿಂದ ಬಂದವರು ನಮ್ಮಲ್ಲಿ ಕಡಿಮೆ ಅಂದ್ರೂ ಹದಿನೈದು ವಿಷಯ ಪಾಸಾಗಿರಬೇಕು," ಎಂದಳು. "ನಿಮ್ಮದು ಹದಿನಾಲ್ಕೇ ಆಯ್ತು."

"ಹದಿನೈದು ಆಗಿದೆ ಮೇಡಂ. ನಾನೇ ಎಣಿಸಿದ್ದೀನಿ."

"ಸಂಖ್ಯಾಶಾಸ್ತ್ರ ಲೆಕ್ಕಕ್ಕೆ ಬರಲ್ಲ. ಮೊದಲೇ ಪಾಸಾಗಿರೋದನ್ನ ಮತ್ತೆ ಓದಿದ್ರೆ ನಮ್ಮಲ್ಲಿ ಓದಿದ ಹಾಗಲ್ಲ. ಅಲ್ಲಮ್ಮ, ಎಪ್ಪತ್ತೊಂದು ಬಂದಿತ್ತು ನಿಮಗೆ. ಅದನ್ನ ಯಾಕೆ ಮತ್ತೆ ತಗೊಂಡ್ರಿ?"

ಸೂಜಿಗಣ್ಣಿ ನಕ್ಕುಬಿಟ್ಟಳು. ಬೇರೆ ಯಾರದ್ದೋ ಪಟ್ಟಿ ಇರಬೇಕು ಎಂದಳು. ಅಧಿಕಾರಿಣಿ ಹಾಳೆಯನ್ನು ಅವಳ ಕಡೆಗೆ ತಿರುಗಿಸಿದಳು. ಹೆಸರು ಅವಳದೇ, ಹುಟ್ಟಿದ ದಿನ ಅವಳದೇ. ಮೂರನೆಯ ಸೆಮಿಸ್ಟರಿನ ಐದೂ ವಿಷಯ ಪಾಸು. ಸಂಖ್ಯಾಶಾಸ್ತ್ರ ಎಪ್ಪತ್ತೊಂದು, ಐದರಲ್ಲೂ ಅದೇ ಹೆಚ್ಚು. ಕೊನೆಯ ಸಾಲಿನಲ್ಲಿ ಒಂದು ಷರಾ: ವಿದ್ಯಾರ್ಥಿನಿಯು ಸ್ವ ಇಚ್ಛೆಯಿಂದ ಕಾಲೇಜು ತೊರೆದಿದ್ದಾಳೆ.

ಮರುದಿನ ರಜೆ ಹಾಕಿ ಹಳೆಯ ಕಾಲೇಜಿಗೆ ಹೋದಳು. ಹದಿನೇಳು ವರ್ಷದಲ್ಲಿ ಅವಳು ಹೇಳದೆ ಕೇಳದೆ ರಜೆ ಹಾಕಿದ್ದು ಅದೇ ಮೊದಲು. ದಾಖಲೆಯ ಕೋಣೆಯ ಗುಮಾಸ್ತ ಒಂದು ಗಂಟೆ ಕಾಯಿಸಿ, ಧೂಳು ಕೊಡವಿ, ಒಂದು ರಟ್ಟಿನ ಕಡತ ತಂದು ಮುಂದೆ ಹಾಕಿದ. ಒಳಗೆ ಅವಳ ಹೆಸರಿನ ಅರ್ಜಿ. ಮನೆಯ ಪರಿಸ್ಥಿತಿಯಿಂದಾಗಿ ಓದು ಮುಂದುವರಿಸಲು ಮನಸ್ಸಿಲ್ಲ, ದಯವಿಟ್ಟು ಹೆಸರು ತೆಗೆಯಬೇಕು. ಕೆಳಗೆ ಅವಳ ಸಹಿ. ಅವಳ ಸಹಿಯ ಹಾಗಿತ್ತು, ಅವಳದಲ್ಲ. ಅರ್ಜಿಯ ಮೂಲೆಗೆ ಅವಳ ಕಾಲೇಜಿನ ಗುರುತಿನ ಚೀಟಿ. ಅದನ್ನು ಪಿನ್ನು ಚುಚ್ಚಿ ಸೇರಿಸಿರಲಿಲ್ಲ. ನೀಲಿ ದಾರದಲ್ಲಿ ಎರಡು ಹೊಲಿಗೆ ಹಾಕಿ, ಹಿಂದೆ ಗಂಟು ಬಿಗಿದಿತ್ತು.

ಪ್ರಪಂಚದಲ್ಲಿ ಕಾಗದಕ್ಕೆ ಕಾಗದವನ್ನು ಸೂಜಿ ದಾರದಿಂದ ಸೇರಿಸುವವರು ಎಷ್ಟು ಜನರಿದ್ದಾರು? ಅಕ್ಕನ ಅಂಗಡಿಯಲ್ಲಿ ಪಿನ್ನು ಹೊಡೆಯುವ ಯಂತ್ರ ಬಂದದ್ದೇ ಇಲ್ಲ. ಕರೆಂಟ್ ಬಿಲ್ಲು, ಅಳತೆ ಚೀಟಿ, ಅಮ್ಮನ ಔಷಧಿ ಪಟ್ಟಿ, ಎಲ್ಲಕ್ಕೂ ಎಡ ಮೂಲೆಯಲ್ಲಿ ಎರಡು ಹೊಲಿಗೆ, ಹಿಂದೆ ಒಂದು ಗಂಟು. ಸೂಜಿಗಣ್ಣಿ ಆ ಗಂಟಿನ ಮೇಲೆ ಬೆರಳಾಡಿಸಿದಳು. ಗುಮಾಸ್ತ ನೀರು ಬೇಕಾ ಎಂದು ಕೇಳಿದ. ಅವಳು ಬೇಡವೆಂದು ತಲೆಯಾಡಿಸಿ, ಅಲ್ಲೇ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಳು.

ಫಲಿತಾಂಶ ಬಂದ ದಿನ ಅವಳು ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ಇದ್ದಳು. ನೋಡಿಕೊಂಡು ಬರುತ್ತೇನೆಂದು ಹೋದವಳು ಅಕ್ಕ. ತಿರುಗಿ ಬಂದು, ತಲೆ ತಗ್ಗಿಸಿ ಹೇಳಿದ್ದಳು: ಸಂಖ್ಯಾಶಾಸ್ತ್ರದಲ್ಲಿ ಹೋಗಿದೆ ಕಣೇ, ಮುಂದಕ್ಕೆ ಸೇರಿಸಿಕೊಳ್ಳಲ್ಲವಂತೆ. ಅವತ್ತು ಅಕ್ಕ ಅವಳನ್ನು ತಬ್ಬಿಕೊಂಡು ತಾನೂ ಅತ್ತಿದ್ದಳು. ಈಗ ಯೋಚಿಸಿದರೆ ಮೈ ಉರಿಯುತ್ತಿತ್ತು. ಸುಳ್ಳು ಹೇಳಿದ್ದು ಒಂದು ಕಡೆ ಇರಲಿ, ತಬ್ಬಿಕೊಂಡದ್ದು ಯಾಕೆ?

ಅಂಗಡಿಗೆ ಹೋದಾಗ ಮಧ್ಯಾಹ್ನ ಮೂರು ಗಂಟೆ. ಅಕ್ಕ ಯಾರದೋ ಕಿಟಕಿಗಳ ಪರದೆ ಹೊಲಿಯುತ್ತಿದ್ದಳು. ತಂಗಿ ಹೇಳುತ್ತ ಹೋದಳು, ಅಕ್ಕ ಹೊಲಿಯುತ್ತ ಹೋದಳು. ಎಪ್ಪತ್ತೊಂದು ಎನ್ನುವ ಮಾತು ಬಂದಾಗ ಮಾತ್ರ ಮೆಷೀನು ತುಳಿಯುವ ಕಾಲು ನಿಂತಿತು.

"ಆಗ ಆಸ್ಪತ್ರೆ ಗೌನು, ಎಂಟುನೂರು ಹೊಲಿಯೋದಿತ್ತು," ಎಂದಳು ಅಕ್ಕ, ಬಟ್ಟೆಯ ಮೇಲಿನಿಂದ ಕಣ್ಣೆತ್ತದೆ. "ಅಮ್ಮ ಹಾಗೆ ಮಲಗಿದ್ಲು. ನಾನು ಒಬ್ಬಳೇ. ಎಲ್ಲಿಂದ ತರಲಿ ಕೈ?"

"ಕಾಲೇಜು ಬಿಡು ಅಂತ ಬಾಯಿಬಿಟ್ಟು ಕೇಳಬಹುದಿತ್ತಲ್ಲ ಅಕ್ಕ. ನಾನು ಬೇಡ ಅಂತಿದ್ನಾ?"

"ಅನ್ನುತ್ತಿರಲಿಲ್ಲ. ನೀನು ಬಿಡ್ತಿದ್ದೆ. ಬಿಟ್ಟು, ಜೀವನಪೂರ್ತಿ ನನ್ನ ಮುಖ ನೋಡಿ ನಿಟ್ಟುಸಿರು ಹಾಕ್ತಿದ್ದೆ. ಫೇಲ್ ಅಂದ್ರೆ ನಿನ್ನನ್ನ ನೀನೇ ಬೈಕೊಂಡು ಸುಮ್ಮನಾಗ್ತೀಯ ಅನ್ಕೊಂಡೆ."

ನಿಜ, ಸೂಜಿಗಣ್ಣಿ ಹಾಗೇ ಮಾಡಿದ್ದಳು. ಇಪ್ಪತ್ತಮೂರು ವರ್ಷ ಚಾಚೂ ತಪ್ಪದೆ ತನ್ನನ್ನು ತಾನೇ ಬೈದುಕೊಂಡಿದ್ದಳು. ದಾಸ್ತಾನು ವಿಭಾಗಕ್ಕೆ ಬಡ್ತಿ ಕೊಡುತ್ತೇವೆಂದಾಗ ಅಲ್ಲಿ ಅಂಕಿಸಂಖ್ಯೆ ಜಾಸ್ತಿ ಎಂದು ಬೇಡವೆಂದಿದ್ದಳು. ಮಗ ಲೆಕ್ಕ ಹೇಳಿಕೊಡು ಎಂದು ಪುಸ್ತಕ ತಂದರೆ ಅಪ್ಪನನ್ನು ಕೇಳು ಎಂದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಇಷ್ಟೂ ದಿನ ಎಪ್ಪತ್ತೊಂದು ಅಂಕ ಒಂದು ರಟ್ಟಿನ ಕಡತದಲ್ಲಿ ಧೂಳು ತಿನ್ನುತ್ತಿತ್ತು.

"ನಾನು ಹದಿನಾಲ್ಕು ವರ್ಷಕ್ಕೆ ಈ ಮೆಷೀನಿನ ಮುಂದೆ ಕೂತೆ," ಎಂದಳು ಅಕ್ಕ. "ನೀನು ಪಾಸಾ ಫೇಲಾ ಅಂತ ನನ್ನನ್ನ ಯಾರೂ ಕೇಳಲಿಲ್ಲ." ಆಮೇಲೆ ಪರದೆಯ ಬಟ್ಟೆಯನ್ನೇ ಮುಖಕ್ಕೆ ಒತ್ತಿಕೊಂಡು ಅತ್ತಳು. "ತಪ್ಪಾಯ್ತು ಕಣೇ. ಎಷ್ಟು ಸಲ ಹೇಳಬೇಕು ಅಂತ ಬಂದಿದ್ದೀನಿ ಗೊತ್ತಾ, ಆ ಭಾನುವಾರಗಳಲ್ಲಿ? ಬಂದು, ನೆಲ ಒರೆಸಿ ಹೋಗಿದ್ದೀನಿ."

ಅಕ್ಕ ಅಳುವುದನ್ನು ನೋಡಿದವಳಲ್ಲ ತಂಗಿ, ಆ ಫಲಿತಾಂಶದ ದಿನ ಒಂದನ್ನು ಬಿಟ್ಟರೆ. ಕೋಪ ಎಲ್ಲಿ ಹೋಯಿತೋ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. ಬೈಯಲು ಬಂದವಳು ಬೆನ್ನು ಸವರಿದಳು. ಇಂಥ ಮೆತ್ತಗಿನ ಮನಸ್ಸನ್ನು ಏನೆನ್ನಬೇಕೋ ನನಗಂತೂ ತಿಳಿಯದು.

ದಾರಿಯೊಂದು ಇತ್ತು. ಅಂಗಡಿಗೆ ಬರುವ ದಾರಿಯಲ್ಲಿ ಫೋನು ಮಾಡಿದಾಗ ಅದನ್ನು ಹೇಳಿದವಳು ಅಧಿಕಾರಿಣಿಯೇ. ಪಾಸಾದದ್ದು ಗೊತ್ತಿಲ್ಲದೆ ಮತ್ತೆ ಓದಿದ್ದರೆ, ಅದನ್ನು ಹದಿನೈದನೆಯ ವಿಷಯವೆಂದು ಒಪ್ಪಿಕೊಳ್ಳುವ ಅಧಿಕಾರ ಕಾಲೇಜಿನ ಸಮಿತಿಗಿದೆ. ಆದರೆ ನನಗೆ ಗೊತ್ತಿರಲಿಲ್ಲ ಎಂದು ಇವಳು ಹೇಳಿದರೆ ಸಾಲದು, ಅವಳಿಗೆ ಗೊತ್ತಿರಲಿಲ್ಲ ಎಂದು ಆ ಅರ್ಜಿ ಬರೆದವರು ಬರೆದುಕೊಡಬೇಕು. "ಅಷ್ಟೇ ತಾನೆ?" ಎಂದಳು ಅಕ್ಕ, ಕಣ್ಣೊರೆಸಿಕೊಂಡು. "ನಾನು ಕೆಡಿಸಿದ್ದು ನಾನೇ ಸರಿಮಾಡ್ತೀನಿ. ಯಾರು ಓದ್ತಾರೆ ಅದನ್ನ?"

"ಸಮಿತಿಯವರು. ಮೂರು ನಾಲ್ಕು ಜನ ಇರ್ತಾರಂತೆ."

ಅಕ್ಕ ತಲೆಯಾಡಿಸಿದಳು. ಎರಡು ದಿನ ಬಿಟ್ಟು, ಅಂಟು ಹಚ್ಚಿದ ಲಕೋಟೆಯನ್ನು ತಂಗಿಯ ಕೈಗೆ ಕೊಟ್ಟಳು.

ಮನೆಗೆ ತಂದಾಗ ಗಂಡ ಲಕೋಟೆಯನ್ನು ಆಚೆ ಈಚೆ ತಿರುಗಿಸಿ ನೋಡಿದ. "ಒಂದ್ಸಲ ತೆಗೆದು ಓದಿಬಿಡು. ಬೇರೆ ಲಕೋಟೆಗೆ ಹಾಕಿದ್ರಾಯ್ತು."

"ಅಕ್ಕ ಅಂಟು ಹಾಕಿ ಕೊಟ್ಟಿದ್ದಾಳೆ."

"ಅದಕ್ಕೇ ಹೇಳಿದ್ದು."

"ಸುಮ್ನಿರಿ. ಅಕ್ಕನದನ್ನ ತಿರುಗಿಸಿ ನೋಡೋದಾ?"

ಇದು ಅವರ ಮನೆಯ ಹಳೆಯ ಕಟ್ಟಳೆ. ತಂಗಿಗೆ ಹೊಲಿಗೆ ಕಲಿಸಿದ ಮೊದಲ ವಾರ ಅಕ್ಕ ಹೇಳಿದ್ದಳು, ನನ್ನ ಹೊಲಿಗೆಯ ಒಳಮೈ ನೋಡಬೇಡ, ನನಗೆ ಅವಮಾನ. ಊರಿನವರ ಅಂಗಿಗಳನ್ನೆಲ್ಲ ತಿರುಗಿಸಿ ನೋಡಿ ಅನ್ನ ಸಂಪಾದಿಸಿದವಳು ಅಕ್ಕ ಹೊಲಿದುಕೊಟ್ಟ ಒಂದೇ ಒಂದು ರವಿಕೆಯನ್ನೂ ತಿರುಗಿಸಿ ನೋಡಿರಲಿಲ್ಲ. ಮೊನ್ನೆ ಮೊನ್ನೆ ಅಷ್ಟು ದೊಡ್ಡ ಸುಳ್ಳು ಕೈಗೆ ಸಿಕ್ಕಮೇಲೂ ನೋಡಲಿಲ್ಲ. ಅತ್ತವಳನ್ನು ಅನುಮಾನಿಸಿದರೆ ತಾನೇ ಸಣ್ಣವಳಾಗುತ್ತೇನೆ ಎಂದುಕೊಂಡಳು, ಪಾಪ.

ಸಮಿತಿ ಬುಧವಾರ ಕೂತಿತು. ಉದ್ದದ ಮೇಜಿನ ಆಚೆ ಇಬ್ಬರು ಪ್ರಾಧ್ಯಾಪಕರು, ಅಧಿಕಾರಿಣಿ, ಮತ್ತೆ ನಡಾವಳಿ ಬರೆದುಕೊಳ್ಳುವ ಒಬ್ಬಾಕೆ. ಸೂಜಿಗಣ್ಣಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅಧಿಕಾರಿಣಿ ಲಕೋಟೆ ಹರಿದು, ಕನ್ನಡಕ ಇಳಿಸಿಕೊಂಡು ಗಟ್ಟಿಯಾಗಿ ಓದತೊಡಗಿದಳು.

"ಮಾನ್ಯರೇ, ಕಾಲೇಜು ಬಿಡುವ ಅರ್ಜಿಯನ್ನು ನನ್ನ ತಂಗಿಯ ಮಾತಿನಂತೆಯೇ ನಾನು ಬರೆದುಕೊಟ್ಟಿರುತ್ತೇನೆ. ಆಗ ಅವಳಿಗೆ ಓದಿನಲ್ಲಿ ಆಸಕ್ತಿ ಇರಲಿಲ್ಲ. ಪಾಸಾಗಿರುವ ವಿಷಯ ಅವಳಿಗೆ ಅಂದೇ ತಿಳಿದಿತ್ತು. ಈಗ ಕೆಲಸದ ಒತ್ತಡದಿಂದ ಮರೆತಿರಬಹುದು. ಕಷ್ಟಪಟ್ಟು ಓದಿದ್ದಾಳೆ. ದಯವಿಟ್ಟು ಅವಳಿಗೆ ಸಹಾಯ ಮಾಡಬೇಕಾಗಿ ಬೇಡಿಕೊಳ್ಳುತ್ತೇನೆ."

ಓದುತ್ತ ಓದುತ್ತ ಅಧಿಕಾರಿಣಿಯ ದನಿ ಇಳಿಯುತ್ತ ಬಂತು. ಸೂಜಿಗಣ್ಣಿಗೆ ಮೊದಲು ಅರ್ಥವೇ ಆಗಲಿಲ್ಲ. ಮತ್ತೊಮ್ಮೆ ಓದಿ ಎಂದಳು. ಮತ್ತೊಮ್ಮೆ ಓದಿದರು.

"ಇದು ನಿಮ್ಮ ಅಕ್ಕನ ಅಕ್ಷರವೇ?" ಎಂದು ಹಿರಿಯ ಪ್ರಾಧ್ಯಾಪಕರು ಕೇಳಿದರು.

"ಹೌದು."

"ಇದರಲ್ಲಿರೋದು ನಿಜವೇ?"

ಅವಳು ಹೌದೆಂದರೆ ತಾನೇ ಸುಳ್ಳಿ. ಅಲ್ಲವೆಂದರೆ ತನ್ನನ್ನು ಸಾಕಿದವಳನ್ನು ನಾಲ್ಕು ಜನರ ಮುಂದೆ ಸುಳ್ಳಿ ಎಂದಂತೆ. ನಡಾವಳಿಯವಳ ಪೆನ್ನು ಕಾಯುತ್ತಿತ್ತು.

"ಸುಳ್ಳು," ಎಂದಳು. "ಆಗ ಬರೆದದ್ದೂ ಸುಳ್ಳು, ಈಗ ಬರೆದದ್ದೂ ಸುಳ್ಳು. ಬರ್ಕೊಳ್ಳಿ."

ಅವರು ಬರೆದುಕೊಂಡರು. ಆದರೆ ಒಂದು ಕಡೆ ಇವಳ ಬಾಯಿಮಾತು, ಇನ್ನೊಂದು ಕಡೆ ಇವಳೇ ತಂದುಕೊಟ್ಟ ಎರಡು ಕಾಗದ, ಹಳೆಯ ಅರ್ಜಿಯ ನಕಲು ಮತ್ತು ಈ ಪತ್ರ. ನಂಬಲಿಕ್ಕೆ ಮನಸ್ಸಿದ್ದರೂ ಕೈ ಕಟ್ಟಿಹಾಕಿದಂತಾಗಿದೆ ಎಂದು ಹಿರಿಯರು ಹೇಳಿದರು. ಇನ್ನೊಂದು ವಿಷಯ ಓದಿ, ಏಪ್ರಿಲ್‌ನಲ್ಲಿ ಪದವಿ ಕೊಡುತ್ತೇವೆ. ಏಪ್ರಿಲ್‌ನಲ್ಲಿ ಪದವಿ ಸಿಗುತ್ತದೆ, ಕುರ್ಚಿ ಸಿಗುವುದಿಲ್ಲ. ಅಲ್ಲಿಂದಲೇ ಮ್ಯಾನೇಜರಿಗೆ ಫೋನು ಮಾಡಿದಳು. ಅವರು ಕೇಳಿಸಿಕೊಂಡು, ಹೊರಗಿನಿಂದ ಒಬ್ಬರ ಅರ್ಜಿ ಬಂದಿದೆ, ಇಪ್ಪತ್ತಾರು ವರ್ಷದವರು, ಅವರಿಗೆ ಕೆಲಸ ನೀವೇ ಹೇಳಿಕೊಡಬೇಕಾಗುತ್ತೆ ಎಂದರು. ಆಗಲಿ ಎಂದಳು. ಬೇರೇನು ಅನ್ನಬಹುದಿತ್ತು?

ಅಕ್ಕ ಅಂಗಡಿಯಲ್ಲಿ ಅವಳಿಗಾಗಿಯೇ ಕಾದಿದ್ದಂತೆ ಕುಳಿತಿದ್ದಳು. ಮೆಷೀನಿನ ಮೇಲೆ ಬಟ್ಟೆಯಿರಲಿಲ್ಲ.

"ಆಯ್ತಾ?" ಎಂದಳು.

"ಯಾಕಕ್ಕ ಹಾಗೆ ಬರೆದೆ?"

ಅಕ್ಕ ಸುತ್ತಿ ಬಳಸಲಿಲ್ಲ. "ನಾಲ್ಕು ಜನ ಓದ್ತಾರೆ ಅಂದೆಯಲ್ಲ. ಕೂತು ಬರೆಯೋಕೆ ಹೊರಟೆ, ನಾನು ತಂಗಿಗೆ ಸುಳ್ಳು ಹೇಳಿದೆ ಅಂತ. ಕೈ ಮೇಲೇಳಲಿಲ್ಲ. ಈ ಬೀದಿಲಿ ನನ್ನನ್ನ ಏನಂತ ಕರೀತಾರೆ ನಿನಗೆ ಗೊತ್ತಲ್ಲ. ತಂಗಿನ ಸಾಕಿದ ಮಹಾತಾಯಿ. ನನಗೆ ಗಂಡ ಇಲ್ಲ, ಮಕ್ಕಳಿಲ್ಲ, ಇರೋದು ಅದೊಂದು ಹೆಸರು. ಅದನ್ನೂ ಬರೆದು ಕೊಟ್ಟುಬಿಡ್ಲಾ?" ಮೆಷೀನಿನ ಚಕ್ರದ ಮೇಲೆ ಕೈಯಿಟ್ಟು, "ಸಹಾಯ ಮಾಡಿ ಅಂತಾನೂ ಬರೆದಿದ್ದೆನಲ್ಲ," ಎಂದಳು.

"ಅವತ್ತು ಅತ್ತೆಯಲ್ಲ, ಇಲ್ಲೇ ಕೂತು? ಅದು?"

"ಅದು ನಿಜವಾಗಿ ಅತ್ತದ್ದು."

ಇದು ಇನ್ನೂ ಹೆಚ್ಚು ನೋಯಿಸಿತು. ನಾಟಕವಾಡಿದ್ದರೆ ದ್ವೇಷಿಸಿ ಹಗುರಾಗಬಹುದಿತ್ತು. ನಿಜವಾಗಿ ಅತ್ತು, ನಿಜವಾಗಿ ತಪ್ಪೊಪ್ಪಿಕೊಂಡು, ಆಮೇಲೆ ಪೆನ್ನು ಹಿಡಿದು ಶಾಂತವಾಗಿ ಎರಡನೆಯ ಸಲ ಅದೇ ಕೆಲಸ ಮಾಡಿದ್ದಳು. ಮೊದಲ ಸಲ ಮನೆಯಲ್ಲಿ ಕಷ್ಟವಿತ್ತು, ಅಮ್ಮ ಮಲಗಿದ್ದಳು, ಕೈ ಬೇಕಿತ್ತು. ಈ ಸಲ ಏನಿತ್ತು? ಇದಕ್ಕೆ ನಂಬಿಸಿ ಕತ್ತು ಕೊಯ್ಯುವುದು ಎನ್ನದೆ ಬೇರೆ ಏನನ್ನಬೇಕು?

"ನಾಲ್ಕೇ ತಿಂಗಳು ತಾನೆ," ಎಂದಳು ಅಕ್ಕ, ಎದ್ದು ಬಂದು ಅವಳ ಸೀರೆಯ ನೆರಿಗೆಯನ್ನು ಅಭ್ಯಾಸದಂತೆ ಸರಿಮಾಡುತ್ತ. "ಕಣ್ಮುಚ್ಚಿ ಬಿಡೋದರಲ್ಲಿ ಆಗಿಹೋಗುತ್ತೆ. ನಾನು ಭಾನುವಾರ ಭಾನುವಾರ ಬರ್ತೀನಲ್ಲ. ಪದವಿ ಕೊಡೋ ದಿನ ಮುಂದಿನ ಸಾಲಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೀತೀನಿ ನೋಡು."

ಸೂಜಿಗಣ್ಣಿ ಆ ಕೈಯನ್ನು ಹಿಡಿದು ನೆರಿಗೆಯಿಂದ ಬಿಡಿಸಿದಳು. ಒರಟಾಗಿ ಅಲ್ಲ.

"ಆ ದಿನಕ್ಕೆ ಇಬ್ಬರನ್ನ ಕರ್ಕೊಂಡು ಬರಬಹುದು ಅಂತ ಕಾಲೇಜಲ್ಲಿ ಹೆಸರು ಕೇಳಿದ್ರು. ಮೊದಲು ನಿನ್ನ ಹೆಸರೇ ಬರೆಸಿದ್ದೆ. ಇವರ ಹೆಸರು ಆಮೇಲೆ."

"ಮತ್ತೆ?"

"ಈಗ ಬರೋವಾಗ ನಿನ್ನ ಹೆಸರು ಹೊಡೆದುಹಾಕಿಸಿ ಬಂದೆ."

ಅಕ್ಕನ ಮುಖ ಬಿಳಿಚಿತು. "ನಾನು ನಿನ್ನ ಸಾಕಿದವಳು ಕಣೇ."

"ಹೌದು. ಅದಕ್ಕೇ ಎರಡು ಸಲ ನಂಬಿದೆ."

ಅಂಗಡಿಯ ಮೆಟ್ಟಿಲಿಳಿದು ಬೀದಿಗೆ ಬಂದಳು. ಪಕ್ಕದ ಗಡಿಯಾರ ರಿಪೇರಿಯವನು ಎಂದಿನಂತೆ ನಕ್ಕು, "ಏನಮ್ಮ, ಡಿಗ್ರಿ ಬಂತಾ? ನಿಮ್ಮ ಅಕ್ಕಂದು ದಿನಾ ನಿಮ್ಮದೇ ಮಾತು," ಎಂದ. ಒಂದೇ ಒಂದು ಮಾತು ಸಾಕಿತ್ತು, ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಹಿಂದೆ ಅಂಗಡಿಯ ಬಾಗಿಲಲ್ಲಿ ಅಕ್ಕ ಬಂದು ನಿಂತದ್ದು, ಉಸಿರು ಬಿಗಿಹಿಡಿದದ್ದು, ತಿರುಗದೆಯೂ ಅವಳಿಗೆ ತಿಳಿಯಿತು.

"ಇನ್ನೊಂದು ವಿಷಯ ಬಾಕಿ ಇದೆ," ಎಂದಳು. "ತಪ್ಪು ನನ್ನದೇ."

ಅಷ್ಟು ಹೇಳಿ ಬಸ್ ನಿಲ್ದಾಣದ ಕಡೆಗೆ ನಡೆದಳು. ಆ ಭಾನುವಾರ ಅಕ್ಕ ಬಂದು ಬಹಳ ಹೊತ್ತು ಬಾಗಿಲು ತಟ್ಟಿದಳು. ಸೂಜಿಗಣ್ಣಿ ಒಳಗೇ ಕುಳಿತಿದ್ದಳು, ತೆರೆಯಲಿಲ್ಲ.